ಪಡಸಾಲೆಗೆ ಬಂದ ದನಿ

ನನ್ನ ತಂಗಿ ಹೋದ ಮಾರ್ಗಶಿರದಲ್ಲಿ ತೀರಿಕೊಂಡಳು. ಅವಳಿಲ್ಲದ ಮನೆಯಲ್ಲಿ ನಾನು ಈಗಲೂ ಗಟ್ಟಿಯಾಗಿಯೇ ಮಾತಾಡುತ್ತೇನೆ. ಮೊನ್ನೆ ಮೊಮ್ಮಗಳು ರೊಟ್ಟಿ ತಟ್ಟುತ್ತ, “ಅಜ್ಜಿ, ಯಾಕ ಹಿಂಗ ಒದರತೀ? ನಾ ಇಲ್ಲೇ ಮಗ್ಗಲದಾಗ ಅದೇನಿ” ಎಂದಳು. ಒಂದು ಜೀವಮಾನದ ರೂಢಿ ಎರಡು ತಿಂಗಳಲ್ಲಿ ಹೋಗುವುದಿಲ್ಲ.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ಆದರೆ ತಂಗಿಯನ್ನು ನೆನೆದಾಗ ಅಳುವಿಗಿಂತ ಮೊದಲು ನಗು ಬರುತ್ತದೆ. ಸಾವಿನ ಮನೆಗೆ ಮಾತಾಡಿಸಲು ಬಂದವರು ನನ್ನ ಮುಖ ನೋಡಿ ಏನೆಂದುಕೊಂಡರೋ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಾನಗಲ್ಲ ಕಡೆಯ ಹಳ್ಳಿ. ಭತ್ತದ ಗದ್ದೆ, ಎರಡು ಜೋಡಿ ಎತ್ತು, ಒಂದು ಎಮ್ಮೆ. ಮನೆಯಲ್ಲಿ ಅಪ್ಪನ ಅಪ್ಪ, ಅಂದರೆ ನಮ್ಮ ಅಜ್ಜ. ಅಪ್ಪ, ಅವ್ವ, ನಾನು, ತಂಗಿ, ತೊಟ್ಟಿಲ ಬಿಟ್ಟು ಓಡಾಡುತ್ತಿದ್ದ ತಮ್ಮ. ಬೀದಿಗೆ ತೆರೆದ ಪಡಸಾಲೆಯಲ್ಲಿ ಅಜ್ಜ ಕೂರುತ್ತಿದ್ದ. ಊರ ಗಂಡಸರು ಅಲ್ಲಿಗೇ ಬಂದು ಕೂರುತ್ತಿದ್ದರು. ಸೊಸೆಯ ದನಿ ಪಡಸಾಲೆಗೆ ಕೇಳಬಾರದು ಎಂಬುದು ನಮ್ಮ ಮನೆಯ ರೀತಿ, ಓಣಿಯ ಎಲ್ಲ ಮನೆಗಳ ರೀತಿಯೂ ಹೌದು. ಇದನ್ನು ಅಜ್ಜ ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಅವ್ವ ಎಂದೂ ಕೇಳಿದವಳೂ ಅಲ್ಲ. ಅವಳು ಅಡಿಗೆಮನೆಯಲ್ಲಿ ಮಾತಾಡಿದರೆ ಒಲೆಯ ಮುಂದೆ ಕೂತ ನನಗೂ ಅರ್ಧವೇ ಕೇಳುತ್ತಿತ್ತು.

ಅವ್ವನ ತವರು ಹಿರೇಕೆರೂರಿನ ಹತ್ತಿರ. ಆ ಮನೆ ಇದಕ್ಕೆ ಪೂರಾ ತಿರುವು. ಅಲ್ಲಿ ನಮ್ಮ ಅಜ್ಜಿಗೆ ಬಹಳ ವರ್ಷಗಳಿಂದ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ಮನೆಗೆ ಮನೆಯೇ ಕೂಗುತ್ತಿತ್ತು. ಮಗ ಕೂಗುತ್ತಿದ್ದ, ಸೊಸೆ ಕೂಗುತ್ತಿದ್ದಳು, ಆಳು ಕೂಗುತ್ತಿದ್ದ. ಉಪ್ಪು ಕೇಳಿದರೂ ದನಿ ಊರಬಾಗಿಲ ಅಗಸಿಯ ತನಕ ಹೋಗುತ್ತಿತ್ತು. ಮಾತಿನ ಜೊತೆಗೆ ಕೈಯೂ ಆಡಬೇಕು, ಇಲ್ಲವಾದರೆ ಅಜ್ಜಿ, “ಬಾಯಾಗ ಏನ ಇಟಗೊಂಡೀದಿ, ಹೊರಗ ತಗೀ” ಎಂದು ಗದರುತ್ತಿದ್ದಳು. ಆ ಮನೆಯಲ್ಲಿ ಬೆಳೆದ ಅವ್ವ ನಮ್ಮ ಮನೆಗೆ ಬಂದ ಹೊಸದರಲ್ಲಿ ಬಾಯಿ ತೆರೆಯಲೇ ಹೆದರಿ, ಆಮೇಲೆ ಪಿಸುಮಾತು ಕಲಿತಳಂತೆ.

ತಮ್ಮ ಹುಟ್ಟಿದಾಗ ಅವ್ವ ಬಹಳ ದಿನ ಹಾಸಿಗೆ ಹಿಡಿದಳು. ಆಗ ಮೂರು ವರ್ಷದ ತಂಗಿಯನ್ನು ಸೋದರಮಾವ ಬಂದು ಹಿರೇಕೆರೂರಿಗೆ ಕರೆದುಕೊಂಡು ಹೋದ. ಅಲ್ಲಿ ಅವಳಿಗೆ ಗೊಬ್ಬರ, ಅಂದರೆ ದಡಾರ, ಎದ್ದು, ಮೈತುಂಬ ಕೆಂಪಾಗಿ, ಜ್ವರ ಇಳಿದ ಮೇಲೆ ಕಿವಿ ಸೋರಿತಂತೆ. ಅಜ್ಜಿ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಸೋರುವುದು ನಿಂತಿತು. ಎಲ್ಲರೂ ಮರೆತರು. ಎಲ್ಲರೂ ಕೂಗಿ, ಕೈ ಮಾಡಿ ಮಾತಾಡುವ ಮನೆಯಲ್ಲಿ ಒಂದು ಕೂಸಿಗೆ ಕಿವಿ ಮಂದವಾದರೆ ಯಾರಿಗೆ ಗೊತ್ತಾಗಬೇಕು?

ಆರು ವರ್ಷದವಳಾಗಿ ಅವಳು ಮರಳಿ ಬಂದಾಗ ನನಗೆ ಒಂಬತ್ತು. ಬಂದವಳು ದುಂಡು ಮುಖ, ದೊಡ್ಡ ಕಣ್ಣು, ದೊಡ್ಡ ದನಿ. ಮನೆಯಲ್ಲಿ ಎಲ್ಲರೂ ಅವಳನ್ನು ಸಣ್ಣವ್ವ ಎಂದೆವು. ಅವ್ವ ದಿನವೆಲ್ಲ, “ಸಣ್ಣವ್ವಾ, ಬಾರವ್ವಾ” ಎಂದು ಕರೆಯುತ್ತಿದ್ದಳು, ತನ್ನ ಆ ಹೊಗೆಯಂಥ ದನಿಯಲ್ಲಿ. ಸಣ್ಣವ್ವ ಅಂಗಳದಲ್ಲಿ ಮಣ್ಣಾಡುತ್ತ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಅಜ್ಜ ಬೀದಿಯಿಂದ ಒಂದು ಸಲ ಗಟ್ಟಿಯಾಗಿ ಕೆಮ್ಮಿದರೆ ಎದ್ದು ಓಡುತ್ತಿದ್ದಳು. ಅವ್ವ ಹತ್ತು ಸಲ ಕರೆದರೂ ಕದಲುತ್ತಿರಲಿಲ್ಲ.

ಹಿತ್ತಿಲ ಗೋಡೆಯಾಚೆಯ ಮನೆಯವಳು ಇದನ್ನು ನೋಡಿ ನಗುತ್ತಿದ್ದಳು.

“ಮಾವನ ಮನೀ ತುಪ್ಪಾ ಉಂಡ ಕೂಸವಾ ಅದು. ನಿನ್ನ ಅಂಬಲಿಗೆ ತಿರಿಗಿ ನೋಡತೈತೇನು?”

“ಸಣ್ಣದೈತಿ. ಹೊಂದಿಕೋತೈತಿ ಬಿಡ್ರಿ” ಎನ್ನುತ್ತಿದ್ದಳು ಅವ್ವ.

“ಹಡದಾಕಿ ಕರದ್ರ ಬರಲಾರದ್ದು, ಗಂಡನ ಮನ್ಯಾಗ ಅತ್ತಿ ಕರದ್ರ ಬರತೈತೇನು? ಮಾರಿ ಮ್ಯಾಲೆ ಎರಡು ಕೊಡು.”

ಅವ್ವ ಹೊಡೆಯಲಿಲ್ಲ. ಎದ್ದು ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಕೂಸು ತನ್ನ ಮೇಲೆ ಮುನಿದಿದೆ, ಸಣ್ಣದಿದ್ದಾಗ ದೂರ ಕಳಿಸಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಸಾಲೆಯಲ್ಲಿಯೂ ತಂಗಿಯ ತೊಡಕು ಯಾರಿಗೂ ತಿಳಿಯಲಿಲ್ಲ. ಹೊಸಬಳೆಂದು ಅವಳನ್ನು ಕಟ್ಟಕಡೆಗೆ ಕೂಡಿಸಿದ್ದರು. ಮಾಸ್ತರರು ಮಗ್ಗಿ ಹೇಳಿಸುವಾಗ ಎಲ್ಲ ಮಕ್ಕಳೂ ಒಟ್ಟಿಗೆ ಒದರುತ್ತಿದ್ದೆವು. ಅವಳೂ ಪಕ್ಕದವಳ ಬಾಯಿ ನೋಡಿಕೊಂಡು, ತಲೆ ತೂಗಿ, ಎಲ್ಲರಿಗಿಂತ ಗಟ್ಟಿಯಾಗಿ ಏನೋ ಒಂದು ಒದರುತ್ತಿದ್ದಳು. “ಈ ಹುಡುಗಿದು ದನಿ ಭಾಳ ಚಲೋ ಐತಿ” ಎಂದು ಮಾಸ್ತರರು ಮೆಚ್ಚಿದ್ದರು.

ಮುಂಜಾನೆ ಅವ್ವ ಬೀಸುವ ಕಲ್ಲಿನ ಮುಂದೆ ಕೂತಾಗ ಮಾತ್ರ ತಂಗಿ ಬೇರೆಯವಳಾಗುತ್ತಿದ್ದಳು. ಎಲ್ಲಿದ್ದರೂ ಎದ್ದು ಬಂದು, ಅವ್ವನ ಬೆನ್ನಿಗೆ ಎಡಗೆನ್ನೆ ಒತ್ತಿ, ಎರಡೂ ಕೈಯಿಂದ ಅವಳ ಪಕ್ಕೆ ಹಿಡಿದು ಕೂರುತ್ತಿದ್ದಳು. ಅವ್ವ ಸಣ್ಣಗೆ ಹಾಡುತ್ತಿದ್ದಳು. ಕಲ್ಲಿನ ಸಪ್ಪಳದಲ್ಲಿ ಆ ಹಾಡು ಪಡಸಾಲೆಗೆ ಹೋಗುತ್ತಿರಲಿಲ್ಲವಾದ್ದರಿಂದ ಅಷ್ಟಕ್ಕೆ ಅಡ್ಡಿಯಿರಲಿಲ್ಲ. ಹಾಡು ನಿಲ್ಲಿಸಿದರೆ ತಂಗಿ ಬೆನ್ನಿಗೆ ಹಣೆಯಿಂದ ಗುದ್ದುತ್ತಿದ್ದಳು. “ಇಷ್ಟ ಹೊತ್ತ ನನ್ನ ಮಗಳು” ಎಂದು ಅವ್ವ ನನಗೆ ಹೇಳುತ್ತಿದ್ದಳು. “ಇಲ್ಲಿಂದ ಎದ್ದಳಂದ್ರ ಯಾರ ಮಗಳೋ.”

ಕೊನೆಗೆ ಅಪ್ಪ ಒಂದು ತೀರ್ಮಾನಕ್ಕೆ ಬಂದ. ಕೂಸಿಗೆ ಇಲ್ಲಿ ಒಗ್ಗುತ್ತಿಲ್ಲ, ತಾಯಿಗೂ ಸಂಕಟ. ಸುಗ್ಗಿ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗಲಿ, ಅಲ್ಲಿಯೇ ಬೆಳೆಯಲಿ ಎಂದು ಸೋದರಮಾವನಿಗೆ ಹೇಳಿ ಕಳಿಸಿದ. ನಾನು ರಾತ್ರಿ ಹೊದಿಕೆಯೊಳಗೆ ತಂಗಿಯ ಕೈ ಬಿಗಿಯಾಗಿ ಹಿಡಿದುಕೊಂಡು ಮಲಗತೊಡಗಿದೆ.

ಸುಗ್ಗಿ ಬಂತು. ಭತ್ತ ಕಣಕ್ಕೆ ಬಿತ್ತು.

ನಮ್ಮ ಕಡೆ ಕಣದಲ್ಲಿ ತೂರಲು ಶುರುಮಾಡಿದ ಮೇಲೆ ರಾಶಿ ಮುಚ್ಚುವವರೆಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ರಾಶಿ ಇಳಿಯುತ್ತದೆ ಎಂಬ ನಂಬಿಕೆ. ಬೇಕಾದದ್ದನ್ನೆಲ್ಲ ಕೈಸನ್ನೆಯಲ್ಲಿ ಕೇಳಬೇಕು. ಅಜ್ಜ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಭತ್ತ ತೂರುತ್ತಿದ್ದ. ಗಾಳಿ ನಿಂತರೆ ಅಂಗೈ ಕೆಳಗೆ ಮಾಡುತ್ತಿದ್ದ, ಎಲ್ಲರೂ ನಿಲ್ಲಬೇಕು. ಎರಡು ಬೆರಳು ಆಡಿಸಿದರೆ ಕಸಬರಿಗೆ. ಮುಷ್ಟಿ ತೋರಿಸಿದರೆ ಚೀಲ. ಗಂಟಲು ಮುಟ್ಟಿಕೊಂಡರೆ ನೀರು. ನಾನು ಒಂದು ಕೇಳಿದರೆ ಇನ್ನೊಂದು ತಂದು, ನಗು ತಡೆಯಲಾರದೆ, ಮೊದಲನೆಯ ದಿನವೇ ಬದುವಿನಾಚೆ ಹೋಗಿ ಕೂರುವ ಶಿಕ್ಷೆಗೆ ಒಳಗಾದೆ.

ಬದುವಿನ ಮೇಲೆ ಕೂತು ನೋಡಿದೆ. ಮೊಂಡಿ ಎನಿಸಿಕೊಂಡ ನನ್ನ ತಂಗಿ ಕಣದ ತುಂಬ ಹಾರಾಡುತ್ತಿದ್ದಳು. ಅಜ್ಜನ ಬೆರಳು ಪೂರಾ ಏಳುವ ಮೊದಲೇ ಕಸಬರಿಗೆ ಅವನ ಕೈಯಲ್ಲಿರುತ್ತಿತ್ತು. ಅವನು ಹುಬ್ಬು ಎತ್ತಿದರೆ ಸಾಕು, ಎತ್ತು ಭತ್ತಕ್ಕೆ ಬಾಯಿ ಹಾಕಿದೆ ಎಂದು ತಿಳಿದು ಹೋಗಿ ಓಡಿಸುತ್ತಿದ್ದಳು. ಅಪ್ಪನಿಗೂ ಆಳಿಗೂ ತಿಳಿಯದ ಸನ್ನೆ ಅವಳಿಗೆ ತಿಳಿಯುತ್ತಿತ್ತು, ಅವಳು ಅವರಿಗೆ ಕೈಯಾಡಿಸಿ ಹೇಳುತ್ತಿದ್ದಳು. ಎಲ್ಲರೂ ಬಾಯಿ ಮುಚ್ಚಿದ ಜಾಗದಲ್ಲಿ ಅವಳೇ ಯಜಮಾನಿ. ಅಜ್ಜ ಮೀಸೆಯಲ್ಲಿ ನಗುತ್ತ ಅವಳನ್ನು ತನ್ನ ಮಣೆಯ ಪಕ್ಕಕ್ಕೇ ನಿಲ್ಲಿಸಿಕೊಂಡ.

ರಾಶಿಯಾಯಿತು. ಪೂಜೆಯಾಯಿತು. ಮೇಲೆ ಹುಲ್ಲು ಹೊದಿಸಿದರು. ಇನ್ನು ಮಾತಾಡಬಹುದು. ಅಜ್ಜ ಮಣೆಯಿಂದ ಇಳಿದು, ಪ್ರೀತಿಯಿಂದ, ಮೆಲುದನಿಯಲ್ಲಿ, “ಸಣ್ಣವ್ವಾ, ಬಾ ಇಲ್ಲಿ, ನಿನಗೊಂದು ಬೆಲ್ಲದ ಚೂರು ಕೊಡ್ತೇನಿ” ಎಂದ.

ತಂಗಿ ಬೆನ್ನು ಮಾಡಿ ಚೆಲ್ಲಿದ ಕಾಳು ಆರಿಸುತ್ತಿದ್ದಳು. ಅಲುಗಲಿಲ್ಲ.

“ಸಣ್ಣವ್ವಾ, ಬೆಲ್ಲಾ!”

ಬೆಲ್ಲಕ್ಕೂ ತಿರುಗಲಿಲ್ಲ. ಅಪ್ಪ ಸಿಟ್ಟಿನಿಂದ, “ನೋಡಪಾ, ಇದ ಸೊಕ್ಕು ನಾ ಹೇಳೂದು” ಎಂದು ಮುಂದೆ ಹೆಜ್ಜೆ ಇಟ್ಟ. ಅಜ್ಜ ಕಣದ ರೂಢಿಯಂತೆ ಅಂಗೈ ಕೆಳಗೆ ಮಾಡಿ ಅವನನ್ನು ನಿಲ್ಲಿಸಿದ. ಆಮೇಲೆ ತುದಿಗಾಲಲ್ಲಿ, ಸಪ್ಪಳವಾಗದಂತೆ ಹೋಗಿ ತಂಗಿಯ ಹಿಂದೆ ನಿಂತು, ಮೆಲ್ಲಗೆ ಚಪ್ಪಾಳೆ ತಟ್ಟಿದ. ದೂರದಲ್ಲಿ ಕಟ್ಟಿದ ಎತ್ತುಗಳು ಕಿವಿ ತಿರುಗಿಸಿದವು. ತಂಗಿ ಕಾಳು ಆರಿಸುತ್ತಲೇ ಇದ್ದಳು. ಬಲಗಡೆ ಬಾಗಿ ಮತ್ತೆ ತಟ್ಟಿದ. ಇಲ್ಲ. ಎಡಗಡೆಯಿಂದ ಜೋರಾಗಿ ತಟ್ಟಿದಾಗ ಅವಳು ತಿರುಗಿ ನೋಡಿದಳು. ಮೇಲೆ ಅಜ್ಜ ಎರಡೂ ಕೈ ಕೂಡಿಸಿ ನಿಂತಿದ್ದ. ಇದೇನೋ ಹೊಸ ಆಟವೆಂದುಕೊಂಡು ಅವಳೂ ನಗುತ್ತ ಪಟಪಟ ಚಪ್ಪಾಳೆ ಹೊಡೆದಳು.

ಅಜ್ಜ ಅಲ್ಲಿಯೇ ರಾಶಿಯ ಪಕ್ಕದಲ್ಲಿ ಕೂತುಬಿಟ್ಟ.

“ಎತ್ತ ಕೊಳ್ಳೂ ಮುಂದ, ಅದರ ಹಿಂದ ನಿಂತು ಚಪ್ಪಾಳಿ ತಟ್ಟಿ ನೋಡೂದು ನಿನಗ ಕಲಿಸಿದಾಂವ ನಾನು” ಎಂದು ಅಪ್ಪನಿಗೆ ಹೇಳಿದ. “ಮನೀ ಕೂಸಿಗೆ ನಾನೂ ತಟ್ಟಿ ನೋಡಲಿಲ್ಲ, ನೀನೂ ನೋಡಲಿಲ್ಲ. ಸೊಕ್ಕಲ್ಲೋ ಇದು. ಕಿವಿ.”

ಆ ಸಂಜೆ ಅಜ್ಜ ಇದನ್ನು ಅವ್ವನಿಗೆ ಹೇಳಬೇಕಾಗಿತ್ತು. ಆದರೆ ಸೊಸೆಯ ಜೊತೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಹಾಗಾಗಿ ಪಡಸಾಲೆಯ ಕಂಬಕ್ಕೆ ಮುಖ ಮಾಡಿ, ಒಳಗೆ ಕೇಳುವಂತೆ, ಎಲ್ಲವನ್ನೂ ಕಂಬಕ್ಕೆ ಹೇಳಿದ. ಅವ್ವ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಅವಳ ಪಿಸುಮಾತನ್ನು ನಾನು ಹೊರಗೆ ಒಯ್ದೆ.

“ಅವ್ವ ಕೇಳತಾಳ, ಖರೇನ ಅಂತ.”

“ಖರೇನ ಅಂತ ಹೇಳು.”

ನಾನು ತಿರುಗಿ ಒಳಗೆ ಬರುವಷ್ಟರಲ್ಲಿ ಅವ್ವ ತಂಗಿಯನ್ನು ಎತ್ತಿಕೊಂಡು ನಗುತ್ತಿದ್ದಳು. ಕೂಸಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದ ತಾಯಿ ನಗುವುದನ್ನು ನಾನು ಅದೊಂದೇ ಸಲ ಕಂಡದ್ದು. “ಹಂಗಂದ್ರ ಆಕಿಗೆ ನನ್ನ ಮ್ಯಾಲೆ ಸಿಟ್ಟಿಲ್ಲ! ಏನೂ ಸಿಟ್ಟಿಲ್ಲ! ಬೆನ್ನಿಗೆ ಕಿವಿ ಹಚ್ಚಿ ನನ್ನ ಹಾಡ ಕೇಳತಿತ್ತಲ್ಲ ನನ್ನ ಬಂಗಾರ!” ಎಂದು ತಂಗಿಯ ಕಿವಿಗಳಿಗೆ ಮುತ್ತು ಕೊಟ್ಟಳು. ಅಳು ಬಂದದ್ದು ಆಮೇಲೆ, ಬಹಳ ಹೊತ್ತಿನ ಮೇಲೆ.

ಕೆಲವು ದಿನಕ್ಕೆ ಅಜ್ಜ ಗಾಡಿ ಹೂಡಿಸಿದ. ಸವಣೂರು ಆಗ ನವಾಬರ ಊರು. ಅಲ್ಲಿ ಕಿವಿ ಕಣ್ಣು ನೋಡುವ ಹಕೀಮರೊಬ್ಬರಿದ್ದರು. ಅಜ್ಜ, ಅಪ್ಪ, ನಾನು, ತಂಗಿ ಹೊರಟೆವು. ಶಿಗ್ಗಾಂವಿಯಲ್ಲಿ ನೆಂಟರ ಮನೆಯಲ್ಲಿ ಇಳಿದು, ಮರುದಿನ ಸವಣೂರು ಸೇರಿದೆವು. ದಾರಿಯುದ್ದಕ್ಕೂ ಅಜ್ಜ ತಂಗಿಯನ್ನು ಮುಂದೆ ಕೂಡಿಸಿಕೊಂಡು, ಅವಳ ಎಡಗಿವಿಗೆ ಬಾಯಿಟ್ಟು, ಕಂಡ ಗಿಡ, ಹಕ್ಕಿ, ಊರುಗಳ ಹೆಸರನ್ನೆಲ್ಲ ಕೂಗಿ ಹೇಳಿದ. ಅವಳು ಅದನ್ನೇ ಇನ್ನೂ ಜೋರಾಗಿ ಕೂಗಿದಳು. ಎದುರು ಬಂದ ಗಾಡಿಯವರು, “ಜಗಳಾ ಹಚ್ಚೀರೇನ್ರಿ ಯಜಮಾನ್ರ, ಮಮ್ಮಗಳ ಕೂಡ?” ಎಂದು ನಗುತ್ತ ಹೋದರು.

ಹಕೀಮರು ಬಿಳಿ ಗಡ್ಡದ, ಮೆತ್ತಗಿನ ಕೈಯವರು. ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು. ಒಂದು ಹಿತ್ತಾಳೆ ಬಟ್ಟಲನ್ನು ಹಿಂದಿನಿಂದ ಬಡಿದು ನೋಡಿದರು. ಬಟ್ಟಲನ್ನು ತಂಗಿಗೇ ಕೊಟ್ಟು ಬಡಿಯಲು ಬಿಟ್ಟರು. ಆ ಸದ್ದಿನ ನಡುವೆಯೇ ಅಜ್ಜನಿಗೆ ಹೇಳಿದರು:

“ಬಲಗಿವಿ ಹೋಗೇತಿ. ಎಡಗಿವಿ ಅರ್ಧಾ ಐತಿ. ಮತ್ತ ಸೋರದಂಗ ದವಾ ಕೊಡ್ತೇನಿ. ಹೋದದ್ದನ್ನ ತರೂ ದವಾ ನನ್ನ ಹತ್ರ ಇಲ್ರಿ. ಎಡಕ್ಕ ನಿಂತು, ಮಾರಿ ತೋರಿಸಿ, ಗಟ್ಟಿಯಾಗಿ ಮಾತಾಡ್ರಿ. ಮನೀ ಮಂದಿ ಎಲ್ಲಾ ಮಾತಾಡ್ಬೇಕು. ಪಿಸಿಪಿಸಿ ಅನ್ನೂ ಮನ್ಯಾಗ ಬಿಟ್ರಿ ಅಂದ್ರ, ಈಗ ಬರೂ ಮಾತೂ ಮರತ ಹೋಗತೈತಿ.”

ಅಜ್ಜ ನಮಗೆ ತಿನ್ನಲು ಸವಣೂರಿನ ಹೆಸರಾದ ಖಾರಾ ಕೊಡಿಸಿದ. ಅಲ್ಲಿನ, ಕೋಣೆಯಷ್ಟು ದಪ್ಪ ಬುಡದ ದೊಡ್ಡಹುಣಸೆ ಮರಗಳನ್ನು ತೋರಿಸಿದ. ನಾನೂ ತಂಗಿಯೂ ಒಂದು ಮರವನ್ನು ಎರಡು ಕಡೆಯಿಂದ ತಬ್ಬಿಕೊಂಡೆವು; ನಮ್ಮ ಕೈಗಳು ಒಂದಕ್ಕೊಂದು ಹತ್ತಿರಕ್ಕೂ ಬರಲಿಲ್ಲ. ಅವಳು ಮರದ ಆಚೆಯಿಂದ, “ಅಕ್ಕಾ, ಇದೀ ಏನಬೇ?” ಎಂದು ಕೂಗುತ್ತಿದ್ದಳು. ನಾನು ಇದ್ದೇನೆಂದು ಎಷ್ಟು ಕೂಗಿದರೂ ಅವಳಿಗೆ ಸಾಲದೆ, ಸುತ್ತು ಹಾಕಿ ಓಡಿ ಬಂದು ಮುಟ್ಟಿ ನೋಡಿ ಹೋಗುತ್ತಿದ್ದಳು.

ಊರಿಗೆ ಬಂದಾಗ ಸೋದರಮಾವ ಬಂದು ಕೂತಿದ್ದ. ನಾವು ಮಕ್ಕಳು, ಇನ್ನೇನು ಅವನು ಬರಿಗೈಯಲ್ಲಿ ಹೋಗುತ್ತಾನೆ ಎಂದು ಕುಣಿದೆವು. ಆದರೆ ಅಪ್ಪ ಹೇಳಿದ ಮಾತು ಬೇರೆಯಾಗಿತ್ತು.

“ಈಗಂತೂ ಕಳಸಾಕ ಬೇಕು. ಹಕೀಮ್ರು ಏನಂದ್ರು? ಮನೀ ಮಂದಿ ಎಲ್ಲಾ ಗಟ್ಟಿಯಾಗಿ ಮಾತಾಡ್ಬೇಕು. ನಾನೂ ಅಪ್ಪನೂ ದಿನಾ ಹೊಲದಾಗ. ಮನ್ಯಾಗ ಇರಾಕಿ ನಿಮ್ಮಕ್ಕ. ಇಕಿ ದನಿ ಇಕಿಗೇ ಕೇಳಂಗಿಲ್ಲ. ಹಿರೇಕೆರೂರಾಗ ಮನೀ ಮಂದಿ ಎಲ್ಲಾ ಕೂಗತಾರ. ಕೂಸಿನ ಮಾತು ಅಲ್ಲಿ ಉಳೀತೈತಿ, ಇಲ್ಲಿ ಹೋಗತೈತಿ.”

ಅದು ನಿಜವಾಗಿತ್ತು. ಸೋದರಮಾವ ಇನ್ನೊಂದು ದಿನ ಇದ್ದು ಹೊರಡುವುದೆಂದಾಯಿತು.

ಮರುದಿನ ಅವ್ವ ನನ್ನನ್ನು ಹಿತ್ತಿಲಿಗೆ ಕರೆದಳು. ಅವಳು ಎಮ್ಮೆಯ ಪಕ್ಕ, ನಾನು ಹುಲ್ಲಿನ ಬಣವೆಯ ಆಚೆ. ಅವಳು ಕೂಗಬೇಕು, ನನಗೆ ಕೇಳಿದರೆ ಕೈ ಎತ್ತಬೇಕು.

“ಕೇಳಿಸ್ತೇನ?” ಎಂದು ಬಂದು ಕೇಳಿದಳು.

“ಏನಬೇ? ಕೂಗಿದೇನು?”

“ಕೂಗಿದ್ನಲ್ಲಾ!”

ಮತ್ತೆ ಹೋದಳು. ಈ ಸಲ ಒಂದು ಬೆಕ್ಕಿನ ಮರಿಯಷ್ಟು ಸದ್ದಾಯಿತು. ಬಣವೆಯ ಸಂದಿಯಿಂದ ನೋಡಿದೆ. ಬಾಯಿ ತೆರೆದೊಡನೆ ಅವಳ ಕೈ ತಾನಾಗಿಯೇ ಸೆರಗನ್ನು ಬಾಯಿಗೆ ತರುತ್ತಿತ್ತು. ಸೆರಗನ್ನು ಸೊಂಟಕ್ಕೆ ಕಟ್ಟು ಎಂದೆ. ಕಟ್ಟಿದಳು. ಆಗ ಅಂಗೈ ಬಾಯಿಗೆ ಹೋಯಿತು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ. ಇಬ್ಬರೂ ಎಮ್ಮೆಯ ಮುಂದೆ ಕೂತು ಬಾಯಿ ಮುಚ್ಚಿಕೊಂಡು ನಕ್ಕೆವು. ಆ ನಗುವೂ ಪಡಸಾಲೆಗೆ ಹೋಗಲಿಲ್ಲ. ನಗು ನಿಂತ ಮೇಲೆ ಅವ್ವ ಎಮ್ಮೆಯ ಕೊರಳು ತುರಿಸುತ್ತ, “ಹಡದಾಕಿ ಇದೊಂದು ಮಾಡಾಕ ಆಗವಲ್ದಲ್ಲ ನನಗ” ಎಂದಳು.

ಹೊರಡುವ ಹೊತ್ತು ಬಂತು. ಗಾಡಿ ಪಡಸಾಲೆಯ ಮುಂದೆ ನಿಂತಿತ್ತು. ತಂಗಿಯ ಬಟ್ಟೆಯ ಗಂಟು ಒಳಗಿತ್ತು. ಅಜ್ಜ ಪಡಸಾಲೆಯಲ್ಲಿ ಕೂತಿದ್ದ, ಬೀಳ್ಕೊಡಲು ಬಂದ ನಾಲ್ಕೈದು ಗಂಡಸರೂ ಕೂತಿದ್ದರು. ತಂಗಿ ಮಾತ್ರ ಬೀದಿಯ ಆ ತುದಿಯಲ್ಲಿ, ಬೇವಿನ ಗಿಡದ ಕೆಳಗೆ, ನಮಗೆ ಬೆನ್ನು ಮಾಡಿ ಬೇವಿನ ಎಲೆಗಳ ಮೇಲೆ ಕಲ್ಲು ಇಡುತ್ತಿದ್ದಳು.

“ಕರೀರಿ ಆಕೀನ್ನ, ಬಿಸಲ ಏರತೈತಿ” ಎಂದ ಸೋದರಮಾವ.

ಅಪ್ಪ ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ನಡುಮನೆಯ ಬಾಗಿಲು ದಾಟಿ ಅವ್ವ ಪಡಸಾಲೆಗೆ ಬಂದಳು. ಕೂತ ಗಂಡಸರು ಏನೋ ಆಯಿತೆಂದು ಅರ್ಧ ಎದ್ದರು. ಅವಳು ಯಾರನ್ನೂ ನೋಡಲಿಲ್ಲ. ಕಂಬವನ್ನು ಒಂದು ಕೈಯಿಂದ ಹಿಡಿದಳು. ಇನ್ನೊಂದು ಕೈ ಬಾಯಿಗೆ ಬರತೊಡಗಿತು. ಆಗ ಅಜ್ಜ ಕೂತಲ್ಲಿಂದಲೇ, ಕಂಬಕ್ಕೆ ಅಲ್ಲ, ಅವಳಿಗೇ ಹೇಳಿದ.

“ಕೂಗು ನನ್ನವ್ವಾ. ಯಾರ್ ಏನಂತಾರೋ ನಾ ನೋಡತೇನಿ. ಕೂಗು.”

ಅವ್ವ ಕೂಗಿದಳು.

“ಸಣ್ಣವ್ವಾ!”

ನಾನು ಅಂಥ ದನಿ ಕೇಳಿರಲಿಲ್ಲ. ಅದು ಅಷ್ಟು ವರ್ಷ ಎಲ್ಲಿ ಕೂತಿತ್ತೋ. ಬೇವಿನ ಗಿಡದ ಗುಬ್ಬಿಗಳು ಒಟ್ಟಿಗೆ ಎದ್ದವು. ಗಾಡಿಯ ಎತ್ತುಗಳು ಎರಡು ಹೆಜ್ಜೆ ಮುಂದಕ್ಕೆ ಹೋದವು. ಹಿತ್ತಿಲಾಚೆಯ ಮನೆಯವಳು ಹಿಟ್ಟಿನ ಕೈಯಲ್ಲಿ ಓಡಿ ಬಂದು, “ಏನಾತವಾ? ಬೆಂಕಿ ಬಿತ್ತೇನು?” ಎಂದು ಕೇಳಿದಳು. ಆ ತುದಿಯಲ್ಲಿ ತಂಗಿ ಎಡಗಡೆಯಿಂದ ತಿರುಗಿ ನೋಡಿದಳು. ಅಜ್ಜನ ಕಡೆ ಅಲ್ಲ, ಅಪ್ಪನ ಕಡೆ ಅಲ್ಲ. ನೇರವಾಗಿ ಅವ್ವನ ಕಡೆ ನೋಡಿ, ಕಲ್ಲುಗಳನ್ನೆಲ್ಲ ಬಿಟ್ಟು ಓಡಿದಳು. ಓಡುತ್ತಲೇ, “ಅವ್ವಾ, ಬಂದೇ!” ಎಂದು ಅದೇ ದನಿಯಲ್ಲಿ ಉತ್ತರ ಕೊಟ್ಟಳು. ಗಾಡಿಯನ್ನು ದಾಟಿಕೊಂಡು ಬಂದು ಪಡಸಾಲೆ ಹತ್ತಿ ಅವ್ವನ ಸೊಂಟ ಹಿಡಿದಳು.

ಮೊದಲು ನಕ್ಕವನು ಸೋದರಮಾವ. “ಇದು ನಮ್ಮವ್ವನ ದನೀನ ಐತೆಲ್ಲೋ ಮಾರಾಯಾ! ನಮ್ಮ ಮನ್ಯಾಗೂ ಇಷ್ಟು ಜೋರ ಯಾರೂ ಕೂಗಂಗಿಲ್ಲ. ನಾ ಯಾತಕ್ಕ ಒಯ್ಲಿ ಈ ಕೂಸನ್ನ?” ಎಂದ. ಗಂಡಸರೂ ನಕ್ಕರು. ಅಪ್ಪ ಅವ್ವನನ್ನು ಹೊಸಬಳನ್ನು ನೋಡುವಂತೆ ನೋಡಿ, ಹೋಗಿ ಗಾಡಿಯಿಂದ ಬಟ್ಟೆಯ ಗಂಟು ಇಳಿಸಿದ. ಅದಿದ್ದ ಜಾಗದಲ್ಲಿ ಅಜ್ಜ ಹೊಸ ಅಕ್ಕಿಯ ಚೀಲ ಇಡಿಸಿದ.

ಗಾಡಿ ಹೊರಟಿತು. ಅವ್ವ ತಂಗಿಯನ್ನು ಎತ್ತಿಕೊಂಡು, ಅವಳ ಎಡಗಿವಿ ತನ್ನ ಕಡೆ ಬರುವಂತೆ ಹಿಡಿದು, ಬೀದಿಗೇ ಇಳಿದಳು. ಒಮ್ಮೆ ತೆರೆದ ಬಾಯಿ ಮುಚ್ಚುವಂತೆ ಕಾಣಲಿಲ್ಲ.

“ಅವ್ವಗ ಹೇಳೋ, ಕೂಸು ಇಲ್ಲೇ ಇರತೈತಿ ಅಂತ!”

“ಏನಂದಿ?” ಎಂದ ಸೋದರಮಾವ ದೂರದಿಂದ. ಅವನಿಗೆ ಚೆನ್ನಾಗಿಯೇ ಕೇಳಿತ್ತು.

“ಇಲ್ಲೇ ಇರತೈತಿ ಅಂತ!”

“ಇನ್ನೊಮ್ಮೆ ಹೇಳಬೇ ಅಕ್ಕಾ!”

ಗಾಡಿ ಕೆರೆಯ ಏರಿ ದಾಟಿ ಮರೆಯಾಗುವವರೆಗೂ ಅವ್ವ ಹೇಳುತ್ತಲೇ ಇದ್ದಳು. ತಂಗಿ ಅವಳ ಗಂಟಲ ಮೇಲೆ ಅಂಗೈ ಇಟ್ಟುಕೊಂಡು, ಪ್ರತಿಯೊಂದು ಕೂಗಿಗೂ ಕಾಲು ಬಡಿದು ನಗುತ್ತಿದ್ದಳು.